ಅಪ್ಪಯ್ಯ ಬರೆದ ಹಸಿರು ಕುಟುರ ಈಗ ನೀಲಿ ಆಗಿದೆ, ಬಣ್ಣ ತಿದ್ದಿಸಬಹುದಾ?

ಪ್ರಶ್ನೆ: ನಮ್ಮೂರು ಸಾಗರದ ಹತ್ತಿರ. ಅಪ್ಪಯ್ಯ ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ರು, ತೀರಿಹೋಗಿ ಎರಡು ವರ್ಷ ಆಯ್ತು. ಎಪ್ಪತ್ತರ ದಶಕದಿಂದ ನಮ್ಮ ಕಡೆಯ ಹಕ್ಕಿಗಳು, ಕೆಂದಳಿಲು, ಸಿಂಗಳೀಕ ಅಂತ ಎಂಬತ್ತರಷ್ಟು ಚಿತ್ರ ಬರೆದಿಟ್ಟಿದ್ದಾರೆ. ವಾಟರ್ ಕಲರ್ ಜಾಸ್ತಿ, ಕೆಲವು ಪೋಸ್ಟರ್ ಕಲರ್. ಹತ್ತು ಚಿತ್ರಕ್ಕೆ ಕಟ್ಟು ಹಾಕಿಸಿ ಜಗುಲಿಯಲ್ಲಿ ತೂಗುಹಾಕಿದ್ವಿ, ಉಳಿದಿದ್ದನ್ನ ನ್ಯೂಸ್ ಪೇಪರಲ್ಲಿ ಸುತ್ತಿ ನುಸಿ ಗುಳಿಗೆ ಹಾಕಿ ಟ್ರಂಕಲ್ಲಿಟ್ಟು ಅಟ್ಟಕ್ಕೆ ಹಾಕಿದ್ವಿ. ಈಗ ತೆಗೆದು ನೋಡಿದ್ರೆ ಕಂದು ಚುಕ್ಕೆ, ಬೂಷ್ಟು, ಅಂಚೆಲ್ಲ ಹುಳ ತಿಂದಿದೆ. ಜಗುಲಿಯಲ್ಲಿದ್ದ ಕುಟುರ ಹಕ್ಕಿಯ ಹಸಿರು ಹೋಗಿ ನೀಲಿ ಆಗಿದೆ, ಮಲಬಾರ್ ಟ್ರೋಗನ್ ಹೊಟ್ಟೆಯ ಕೆಂಪು ಪೂರ್ತಿ ಮಾಯ, ಅದು ಗಾಜಿಗೂ ಅಂಟಿಕೊಂಡಿದೆ. ಅದೇ ಗೋಡೆಯಲ್ಲಿದ್ದ ಸಿಂಗಳೀಕ ಮಾತ್ರ ನಿನ್ನೆ ಬರೆದ ಹಾಗಿದೆ. ಅಪ್ಪಯ್ಯನೇ ಬಣ್ಣ ತಪ್ಪು ಹಚ್ಚಿದ್ರಾ ಅಂತ ಅನುಮಾನ. ಭಾವ ಲ್ಯಾಮಿನೇಷನ್ ಮಾಡಿಸು ಅಂತಾರೆ, ಕಟ್ಟು ಹಾಕೋ ಅಂಗಡಿಯವ್ರು ಒದ್ದೆ ಬಟ್ಟೆಯಲ್ಲಿ ಒರೆಸಿ ವಾರ್ನಿಶ್ ಹೊಡೆದು ಕೊಡ್ತೀನಿ ಅಂತಾರೆ, ಅಮ್ಮ ಬಿಸಿಲಿಗೆ ಹಾಕು ಅಂತಾಳೆ, ಚಿತ್ರಕಲೆ ಓದ್ತಿರೋ ಅಣ್ಣನ ಮಗ ಹೋದ ಬಣ್ಣ ನಾನೇ ಹಚ್ಚಿಕೊಡ್ತೀನಿ ಅಂತಾನೆ. ಒಂದು ಕ್ಯಾಲೆಂಡರ್ ಮಾಡಿಸೋ ಆಸೆಯೂ ಇದೆ. ಏನು ಮಾಡ್ಲಿ, ಎಷ್ಟು ಖರ್ಚಾಗತ್ತೆ?

ಉತ್ತರ:

ಮೊದಲು ಆ ಅನುಮಾನ ತೆಗೆದುಹಾಕಿ. ನಿಮ್ಮ ಅಪ್ಪಯ್ಯ ಬಣ್ಣ ತಪ್ಪು ಹಚ್ಚಿಲ್ಲ. ನೀವು ಕಳಿಸಿದ ಕುಟುರದ ಫೋಟೋ ದೊಡ್ಡದು ಮಾಡಿ ನೋಡಿದೆ, ಬಾಲದ ತುದಿ ಮೌಂಟ್ ಬೋರ್ಡಿನ (ಗಾಜಿಗೂ ಚಿತ್ರಕ್ಕೂ ಮಧ್ಯೆ ಸುತ್ತ ಇಡೋ ರಟ್ಟು) ಅಡಿಗೆ ಹೋಗಿದ್ದ ಕಡೆ ಒಂದು ಎಳೆಯಷ್ಟು ಅಗಲಕ್ಕೆ ಹಸಿರು ಹಾಗೇ ಉಳ್ಕೊಂಡಿದೆ, ಒಳ್ಳೆ ಗಾಢ ಎಲೆಹಸಿರು. ಬೆಳಕು ಬೀಳದ ಜಾಗ ಅದು. ಹಳೇ ಚಿತ್ರ ಉಳಿಸೋ ನಮ್ಮ ಕನ್ಸರ್ವೇಟರ್ ಕೆಲಸದಲ್ಲಿ ಕಟ್ಟು ಬಿಚ್ಚಿದ ತಕ್ಷಣ ಮೊದಲು ನೋಡೋದೇ ಆ ಅಂಚನ್ನ, ಕಲಾವಿದ ಏನು ಹಚ್ಚಿದ್ದ ಅನ್ನೋದು ಅಲ್ಲಿ ಗೊತ್ತಾಗಿಬಿಡತ್ತೆ.

ಆಗಿರೋದು ಇಷ್ಟು. ಹಸಿರನ್ನ ಹೆಚ್ಚಿನವ್ರು ನೀಲಿಗೆ ಹಳದಿ ಸೇರಿಸಿ ಮಾಡ್ಕೊಳ್ತಾರೆ, ಡಬ್ಬಿಯಲ್ಲಿ ಹಸಿರು ಅಂತಲೇ ಬರೋ ಬಿಲ್ಲೆಯೂ ಎಷ್ಟೋ ಸಲ ಒಳಗೆ ಅದೇ ಮಿಶ್ರಣ. ಆ ಎರಡರಲ್ಲಿ ಹಳದಿ ದುರ್ಬಲ, ಬೆಳಕಿಗೆ ಅದು ಮೊದಲು ಹೋಗತ್ತೆ, ನೀಲಿ ಉಳಿಯತ್ತೆ. ಹಳೇ ಸಸ್ಯಚಿತ್ರಗಳಲ್ಲಿ ಎಲೆಗಳೆಲ್ಲ ನೀಲಿ ನೀಲಿಯಾಗಿ ಕಾಣೋದೂ ಇದೇ ಕಾರಣಕ್ಕೆ. ನೇರಳೆ ಜಂಬುಕೋಳಿ ಏನಾದ್ರೂ ಬರೆದಿದ್ರೆ ಅದನ್ನೂ ನೋಡಿ, ನೇರಳೆಯೊಳಗಿನ ಕೆಂಪು ಓಡಿಹೋಗಿ ಬರೀ ನೀಲಿ ಕೋಳಿ ಆಗಿರತ್ತೆ. ಟ್ರೋಗನ್ ಹೊಟ್ಟೆಗೆ ಬೇಕಾಗಿರೋದು ಕಡುಗೆಂಪು, ಅದಕ್ಕೆ ಡ್ರಾಯಿಂಗ್ ಮೇಷ್ಟ್ರುಗಳು ಬಳಸ್ತಾ ಇದ್ದಿದ್ದು ಕ್ರಿಮ್ಸನ್ ಲೇಕ್, ಅಲಿಜರಿನ್ ಕ್ರಿಮ್ಸನ್ ಅನ್ನೋ ಬಣ್ಣಗಳು. ಇವು ಮಣ್ಣಿನ ಬಣ್ಣ ಅಲ್ಲ, ಬಟ್ಟೆಗೆ ಹಾಕೋ ತರದ ಡೈ ತಗೊಂಡು ಬಿಳಿ ಪುಡಿ ಮೇಲೆ ಕೂರಿಸಿ ಮಾಡಿದ್ದು, ತೆಳ್ಳಗೆ ನೀರಲ್ಲಿ ಹಚ್ಚಿದ್ರಂತೂ ಬೆಳಕು ಅದನ್ನ ಬೇಗ ಒಡೆದುಹಾಕತ್ತೆ. ಸಿಂಗಳೀಕದ ಕಪ್ಪು ಮಸಿಯ ಕಪ್ಪು, ಅಂದ್ರೆ ಕಾರ್ಬನ್, ಅದಕ್ಕೆ ಬೆಳಕಿನಿಂದ ಏನೂ ಆಗಲ್ಲ. ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಅಂಬರ್ ಇವೆಲ್ಲ ಕಬ್ಬಿಣದ ಅಂಶ ಇರೋ ಮಣ್ಣಿನ ಬಣ್ಣ, ಅವೂ ಗಟ್ಟಿ. ಅದಕ್ಕೇ ನಿಮ್ಮ ಮನೆಯಲ್ಲಿ ಗೂಬೆ, ಹರಟೆಮಲ್ಲ, ಮಂಗಟ್ಟೆ ಎಲ್ಲ ಚೆನ್ನಾಗೇ ಇರ್ತವೆ, ಚೆಂದದ ಹಕ್ಕಿಗಳಿಗೇ ಈ ಗತಿ. ಸ್ವಲ್ಪ ಅನ್ಯಾಯ ಅನ್ಸತ್ತೆ ನಿಜ.

ಹೋದ ಕೆಂಪು ವಾಪಸ್ ಬರತ್ತಾ ಅಂದ್ರೆ ಇಲ್ಲ. ಪ್ರಶ್ಯನ್ ಬ್ಲೂ ಅನ್ನೋ ಒಂದು ನೀಲಿ ಮಾತ್ರ ಬೆಳಕಿಗೆ ಮಾಸಿದ್ದು ಕತ್ತಲಲ್ಲಿಟ್ರೆ ಸ್ವಲ್ಪ ಮಟ್ಟಿಗೆ ಚೇತರಿಸಿಕೊಳ್ಳತ್ತೆ, ಡೈಯಿಂದ ಮಾಡಿದ ಕೆಂಪು ಹಳದಿಗೆ ಆ ಭಾಗ್ಯ ಇಲ್ಲ. ಬೆಳಕಿನ ಹಾನಿ ಸೇರ್ತಾ ಹೋಗತ್ತೆ, ಮಧ್ಯೆ ನಾಲ್ಕು ವರ್ಷ ಕತ್ತಲಲ್ಲಿಟ್ಟೆ ಅಂತ ಹಿಂದಿನ ಲೆಕ್ಕ ಅಳಿಸಿಹೋಗಲ್ಲ. ಮ್ಯೂಸಿಯಂಗಳಲ್ಲಿ ವಾಟರ್ ಕಲರ್ ಚಿತ್ರಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಬೆಳಕು ಸಾಕು ಅಂತಾರೆ, ಅದೂ ಕೆಲವು ತಿಂಗಳು ತೋರಿಸಿ ಮತ್ತೆ ಒಳಗಿಡ್ತಾರೆ. ಮಲೆನಾಡಿನ ಜಗುಲಿಯಲ್ಲಿ ಹಗಲು ಹೊತ್ತು ಅದರ ಹತ್ತಾರು ಪಟ್ಟು ಬೆಳಕು ಇರತ್ತೆ, ನೇರ ಬಿಸಿಲಂತೂ ಒಂದು ಲಕ್ಷ ಲಕ್ಸ್ ತನಕ ಹೋಗತ್ತೆ. ಯುವಿ, ಅಂದ್ರೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ತಡೆಯೋ ಗಾಜು ಹಾಕಿದ್ರೆ ಸಾಕು ಅಂತ ಅಂಗಡಿಯಲ್ಲಿ ಹೇಳ್ತಾರೆ, ಅದು ಅರ್ಧ ಸತ್ಯ ಅಷ್ಟೆ, ಕಣ್ಣಿಗೆ ಕಾಣೋ ಬೆಳಕೂ ಬಣ್ಣ ತಿನ್ನತ್ತೆ.

ಇದೇ ಕಾರಣಕ್ಕೆ ಬಿಸಿಲಿಗೆ ಹಾಕೋದು ಬೇಡ. ಅಮ್ಮ ಹೇಳಿದ್ದರಲ್ಲಿ ಒಂದು ಅರ್ಥ ಇದೆ, ತಾಳೆಗರಿ ಕಟ್ಟುಗಳನ್ನ ವರ್ಷಕ್ಕೊಮ್ಮೆ ಹೊರಗೆ ತೆಗೆದು ಬಿಸಿ ತೋರಿಸೋ ಪದ್ಧತಿ ಎಷ್ಟೋ ಮನೆ, ಮಠಗಳಲ್ಲಿ ಇತ್ತು, ಆದ್ರೆ ಅಲ್ಲಿ ಅಕ್ಷರಕ್ಕೆ ತುಂಬಿದ್ದು ಮಸಿ, ಬಿಸಿಲಿಗೆ ಹೋಗಲ್ಲ. ವಾಟರ್ ಕಲರ್ ಕಥೆ ಬೇರೆ. ನೆರಳಲ್ಲಿ, ಗಾಳಿ ಆಡೋ ಒಣ ಜಾಗದಲ್ಲಿ ಹರಡಿಡಿ, ಸಾಕು.

ಈಗ ಚುಕ್ಕೆ, ಬೂಷ್ಟಿನ ವಿಷಯ. ಬೂಷ್ಟಿಗೆ ಬೇಕಾಗಿರೋದು ತೇವ, ಗಾಳಿಯಲ್ಲಿನ ತೇವ 65 ಪರ್ಸೆಂಟ್ ದಾಟಿ ಬಹಳ ದಿನ ನಿಂತ್ರೆ ಸಾಕು ಅದು ಏಳತ್ತೆ, ನಿಮ್ಮಲ್ಲಿ ಆರಿದ್ರದಿಂದ ಹಿಡಿದು ಆಶ್ಲೇಷ ಮುಗಿಯೋ ತನಕ ಅದು ಕೆಳಗಿಳಿಯೋದೇ ಇಲ್ಲವಲ್ಲ. ಕಂದು ಚುಕ್ಕೆಗೆ ನಾವು ಫಾಕ್ಸಿಂಗ್ ಅಂತೀವಿ, ಕಾಗದದೊಳಗೆ ಸೇರಿರೋ ಕಬ್ಬಿಣದ ಕಣ ತೇವಕ್ಕೆ ತುಕ್ಕು ಹಿಡಿದೂ ಆಗಬಹುದು, ಶಿಲೀಂಧ್ರದಿಂದಲೂ ಆಗಬಹುದು, ಎಷ್ಟೋ ಸಲ ಎರಡೂ ಸೇರಿರತ್ತೆ. ಜೊತೆಗೆ ನಮ್ಮಲ್ಲಿ ಆಗ ಸಿಗ್ತಾ ಇದ್ದ ಡ್ರಾಯಿಂಗ್ ಶೀಟ್ ಹೆಚ್ಚಿನದು ಮರದ ತಿರುಳಿನದು, ಕಾಗದದಲ್ಲೇ ಆಮ್ಲ ಇರತ್ತೆ, ಅದು ತಾನಾಗೇ ಹಳದಿಯಾಗಿ ಮುರುಕಲಾಗತ್ತೆ. ಅದನ್ನ ಸುತ್ತಿದ್ದ ನ್ಯೂಸ್ ಪೇಪರ್ ಇನ್ನೂ ಕೆಟ್ಟ ಕಾಗದ, ಕಟ್ಟಿನ ಹಿಂದೆ ಹೊಡೆದಿರೋ ಹಾರ್ಡ್‌ಬೋರ್ಡು, ಪ್ಲೈವುಡ್ಡೂ ಅಷ್ಟೇ, ಅದರ ಆಮ್ಲ ಚಿತ್ರಕ್ಕೆ ಇಳಿಯತ್ತೆ. ಮೊಳೆಗೆ ತುಕ್ಕು ಹಿಡಿದು ಅದೊಂದು ಕಲೆ ಬೇರೆ.

ಹಳೇದಾದ ಮೇಲೆ ಚಿತ್ರ ಹಾಳಾಗೋದು ಸಹಜ ಅಂತ ಅಂದ್ಕೋಬೇಡಿ. ಕಲ್ಕತ್ತಾದಲ್ಲಿ ಚೀಫ್ ಜಸ್ಟಿಸ್ ಆಗಿದ್ದ ಎಲಿಜಾ ಇಂಪಿ ಅವರ ಹೆಂಡತಿ ಮೇರಿ ಇಂಪಿ ತಮ್ಮ ತೋಟದಲ್ಲಿ ಸಾಕಿದ್ದ ಹಕ್ಕಿ ಪ್ರಾಣಿಗಳ ಚಿತ್ರ ಬರೆಸಿದ್ರು, 1777ರಿಂದ ಕೆಲವು ವರ್ಷ, ಬರೆದವರು ಪಾಟ್ನಾ ಕಡೆಯಿಂದ ಬಂದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್. ಇನ್ನೂರ ನಲವತ್ತು ವರ್ಷದ ಮೇಲೆ ಆಯ್ತು, ಆ ಹಕ್ಕಿಗಳ ಪುಕ್ಕದ ಒಂದೊಂದು ಎಳೆ ಇವತ್ತಿಗೂ ಎಣಿಸಬಹುದು. ಕಾರಣ ಅಂಥಾ ಗುಟ್ಟಿಂದಲ್ಲ, ಬಟ್ಟೆ ಚಿಂದಿಯಿಂದ ಮಾಡಿದ ಒಳ್ಳೆ ಕಾಗದ, ಮತ್ತೆ ಬಹಳ ಕಾಲ ಗೋಡೆ ಮೇಲೆ ತೂಗುಹಾಕದೆ ಒಳಗೆ ಇಟ್ಟಿದ್ದು. ಕಾಗದ ನಿಮ್ಮ ಕೈಲಿಲ್ಲ, ಎರಡನೇದು ಇದೆ.

ಲ್ಯಾಮಿನೇಷನ್ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಬೇಡವೇ ಬೇಡ. ಬಿಸಿ ಪ್ಲಾಸ್ಟಿಕ್ ಅಂಟು ಕರಗಿ ಕಾಗದದ ನಾರಿನೊಳಗೆ ಹೋಗಿ ಕೂರತ್ತೆ, ಆಮೇಲೆ ಬಿಡಿಸೋಕೆ ಹೋದ್ರೆ ಬಣ್ಣ ಪ್ಲಾಸ್ಟಿಕ್ ಜೊತೆ ಎದ್ದು ಬರತ್ತೆ, ಒಳಗಿದ್ದ ತೇವ, ಆಮ್ಲ ಎಲ್ಲ ಅಲ್ಲೇ ಸೀಲ್ ಆಗಿರತ್ತೆ. ಭಾವನವರಿಗೆ ಬೇಜಾರಾಗದ ಹಾಗೆ ರೇಷನ್ ಕಾರ್ಡಿನ ಜೆರಾಕ್ಸ್ ಲ್ಯಾಮಿನೇಟ್ ಮಾಡಿಸೋಕೆ ಹೇಳಿ, ಚಿತ್ರ ಬೇಡ. ಒದ್ದೆ ಬಟ್ಟೆ ಅಂತೂ ಇನ್ನೂ ಅಪಾಯ. ವಾಟರ್ ಕಲರ್ ಕಾಗದಕ್ಕೆ ಹಿಡಿದಿರೋದು ಗೋಂದಿಂದ, ಆ ಗೋಂದು ಐವತ್ತು ವರ್ಷ ಆದ್ರೂ ನೀರು ತಾಗಿದ ಕೂಡ್ಲೇ ಕರಗತ್ತೆ, ಪೋಸ್ಟರ್ ಕಲರ್ ಇನ್ನೂ ಸುಲಭವಾಗಿ ಏಳತ್ತೆ. ವಾರ್ನಿಶ್ ಎಣ್ಣೆ ಬಣ್ಣದ ಚಿತ್ರಕ್ಕೆ, ಕಾಗದಕ್ಕಲ್ಲ. ಕಾಗದ ಅದನ್ನ ಹೀರಿಕೊಂಡು ಎಣ್ಣೆ ಬಿದ್ದ ಹಾಗೆ ಕಪ್ಪಾಗತ್ತೆ, ಆಮೇಲೆ ಹಳದಿ. ಬ್ರೆಡ್ಡಿನ ತಿರುಳಲ್ಲಿ ಉಜ್ಜಿದ್ರೆ ಕೊಳೆ ಹೋಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಅದನ್ನೂ ಮಾಡ್ಬೇಡಿ, ಉಳಿದ ಚೂರು ಹುಳಕ್ಕೆ ಊಟ. ಹರಿದಿದ್ದಕ್ಕೆ ಸೆಲೋ ಟೇಪು, ಬಿಳಿ ಅಂಟು ಎರಡೂ ಬೇಡ.

ಅಣ್ಣನ ಮಗನ ಮಾತಿಗೆ ಬರ್ತೀನಿ, ಇದು ನಿಜವಾಗ್ಲೂ ಯೋಚನೆ ಮಾಡಬೇಕಾದ್ದು, ಯಾಕಂದ್ರೆ ಅವನು ಪ್ರೀತಿಯಿಂದಲೇ ಹೇಳ್ತಿದ್ದಾನೆ. ನಮ್ಮ ಕೆಲಸದಲ್ಲೂ ಬಣ್ಣ ಹಚ್ಚೋದಿದೆ, ಆದ್ರೆ ಹುಳ ತಿಂದು ಕಾಗದವೇ ಇಲ್ಲದ ಕಡೆ ಹೊಸ ಕಾಗದ ಕೂರಿಸಿ ಅದರ ಮೇಲೆ ಮಾತ್ರ, ಸುತ್ತಲಿನ ಬಣ್ಣಕ್ಕೆ ಹೊಂದೋ ಹಾಗೆ, ಬೇಕಾದ್ರೆ ಮುಂದೆ ತೆಗೆಯೋಕೂ ಬರೋ ಹಾಗೆ. ಮೂಲ ಚಿತ್ರಕಾರ ಎಳೆದ ಗೆರೆ ಮೇಲೆ ಹಚ್ಚೋದಿಲ್ಲ. ಟ್ರೋಗನ್ ಹೊಟ್ಟೆಯಲ್ಲಿ ಕೆಂಪು ಹೋಗಿದ್ರೂ ಅಪ್ಪಯ್ಯ ಪೆನ್ಸಿಲ್ಲಲ್ಲಿ ಎಳೆದ ಪುಕ್ಕದ ಗೆರೆಗಳು, ಎದೆಯ ಬಿಳಿ ಪಟ್ಟಿಗೆ ಬಿಟ್ಟ ಖಾಲಿ ಕಾಗದ ಎಲ್ಲ ಹಾಗೇ ಕಾಣ್ತಿದೆ. ಅದರ ಮೇಲೆ ಹೊಸ ಕೆಂಪು ಬಂದ್ರೆ ಆ ಗೆರೆ ಮುಚ್ಚಿಹೋಗತ್ತೆ, ಅಲ್ಲಿಂದ ಮುಂದೆ ಅದು ಮೊಮ್ಮಗನ ಚಿತ್ರ ಆಗತ್ತೆ, ಅಜ್ಜನದಲ್ಲ. ಅವನಿಗೆ ಬೇರೆ ಕೆಲಸ ಇದೆ, ಕೆಳಗೆ ಹೇಳ್ತೀನಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ಲೇಬೇಕು. ಎರಡು ಫೋಟೋದಲ್ಲಿ ಚಿತ್ರದ ಕೆಳಗೆ ಪೆನ್ಸಿಲ್ಲಲ್ಲಿ ಸಣ್ಣದಾಗಿ ಬರೆದಿದ್ದು ಕಾಣ್ತು, ತಾರೀಖು, ಹೊಳೆ ಆಚೆ ದಂಡೆ ಅಂತ ಜಾಗ, ಕಣ್ಣಿನ ಸುತ್ತ ನೀಲಿ ಅಂತ ಒಂದು ಟಿಪ್ಪಣಿ. ಕಟ್ಟು ಹಾಕೋರು ಅಳತೆಗೆ ಕೂರ್ಲಿಲ್ಲ ಅಂತ ಮೊದಲು ಕತ್ತರಿ ಹಾಕೋದೇ ಈ ಅಂಚಿಗೆ. ದಯವಿಟ್ಟು ಒಂದು ಎಳೆಯೂ ಕತ್ತರಿಸೋಕೆ ಬಿಡ್ಬೇಡಿ. ಹಕ್ಕಿಯ ಕಣ್ಣು, ಕೊಕ್ಕು, ಕಾಲಿನ ಬಣ್ಣ ಸತ್ತ ಮೇಲೆ ಬೇಗ ಬದಲಾಗತ್ತೆ, ಮ್ಯೂಸಿಯಮ್ಮಿನ ಒಣಗಿಸಿಟ್ಟ ಹಕ್ಕಿಯಲ್ಲಿ ಅದು ಸಿಗಲ್ಲ, ಹಾಗಾಗಿ ಬದುಕಿರೋ ಹಕ್ಕಿ ನೋಡಿ ಬರೆದ ಇಂಥ ಟಿಪ್ಪಣಿಗೆ ಬೆಲೆ ಇದೆ. ಯಾವ ವರ್ಷ ಯಾವ ಊರಲ್ಲಿ ಯಾವ ಹಕ್ಕಿ ಇತ್ತು ಅನ್ನೋ ದಾಖಲೆಯೂ ಹೌದು, ಬಣ್ಣ ಪೂರ್ತಿ ಹೋದ್ರೂ ಅದು ಉಳಿಯತ್ತೆ, ಪೆನ್ಸಿಲ್ ಸೀಸ ಮಾಸಲ್ಲ.

ಹಾಗಾದ್ರೆ ಮಾಡೋದೇನು. ಮಳೆಗಾಲ ಆಗಿದ್ರೆ ಏನೂ ಬಿಚ್ಚೋಕೆ ಹೋಗ್ಬೇಡಿ, ಟ್ರಂಕನ್ನ ಅಟ್ಟದಿಂದ ಇಳಿಸಿ ಒಳಗಿನ ಕೋಣೆಯಲ್ಲಿ, ಹೊರಗೋಡೆಗೆ ತಾಗದ ಹಾಗೆ ಒಂದು ಸ್ಟೂಲ್ ಮೇಲಿಡಿ, ನೆಲಕ್ಕೆ ಇಟ್ರೆ ಒರಲೆ ಬರತ್ತೆ. ಅಟ್ಟದಲ್ಲಿ ಹೊಗೆಗೆ ಹುಳ ಬರಲ್ಲ ಅನ್ನೋದು ಬುಟ್ಟಿ, ಮೊರಕ್ಕೆ ಸರಿ, ಕಾಗದಕ್ಕೆ ಮಸಿ ಹಿಡಿಯತ್ತೆ, ಹಂಚಿನ ಸಂದಿಯ ತೇವವೂ ಅಲ್ಲೇ ಇರತ್ತೆ. ಕೆಲಸ ಮಾಡೋದು ಕಾರ್ತಿಕ ಕಳೆದ ಮೇಲೆ ಶಿವರಾತ್ರಿಯೊಳಗೆ, ಆಗ ಗಾಳಿ ಒಣಗಿರತ್ತೆ. ಎನ್-95 ಮಾಸ್ಕ್ ಹಾಕ್ಕೊಳ್ಳಿ, ಹಳೇ ಬೂಷ್ಟಿನ ಪುಡಿ ಶ್ವಾಸಕ್ಕೆ ಒಳ್ಳೇದಲ್ಲ, ಉಬ್ಬಸ ಇರೋರು ಹತ್ತಿರ ಬರೋದೇ ಬೇಡ, ಫ್ಯಾನ್ ಹಾಕ್ಬೇಡಿ, ಮನೆ ತುಂಬ ಹರಡತ್ತೆ. ನ್ಯೂಸ್ ಪೇಪರ್ ಎಲ್ಲ ತೆಗೆದು ಸುಟ್ಟುಬಿಡಿ. ಬೂಷ್ಟು ಮುಟ್ಟಿದ್ರೆ ಮೆತ್ತಿಕೊಳ್ತಿದ್ರೆ ಅದು ಇನ್ನೂ ಜೀವಂತ, ನೆರಳಲ್ಲಿ ಪೂರ್ತಿ ಒಣಗಿಸಿ, ಪುಡಿಯಾದ ಮೇಲೆ ಮೆತ್ತನೆ ಅಗಲ ಬ್ರಷ್ಷಲ್ಲಿ ಅಂಗಳದಲ್ಲಿ ನಿಂತು ಹಗುರಕ್ಕೆ ತಳ್ಳಿ, ಅದೂ ಬಣ್ಣ ಇಲ್ಲದ ಖಾಲಿ ಕಾಗದದ ಮೇಲೆ ಮತ್ತೆ ಹಿಂಬದಿಯಲ್ಲಿ ಮಾತ್ರ. ಪೋಸ್ಟರ್ ಕಲರ್ ಸಿಪ್ಪೆ ಏಳ್ತಿದ್ರೆ ಬ್ರಷ್ಷೂ ಬೇಡ. ಕಂದು ಚುಕ್ಕೆ ಹೀಗೆ ಹೋಗಲ್ಲ, ಬ್ಲೀಚ್ ಮಾಡಿಸೋ ಆಸೆಗೂ ಬೀಳ್ಬೇಡಿ, ಕಾಗದವೇ ಬಲ ಕಳ್ಕೊಳ್ಳತ್ತೆ. ಚುಕ್ಕೆ ಇದ್ಕೊಂಡೇ ಚಿತ್ರ ಇನ್ನೂ ಎಷ್ಟೋ ಕಾಲ ಇರಬಹುದು.

ಅಂಚು ಕೊರೆದಿರೋದು ಸಿಲ್ವರ್ ಫಿಶ್, ಬೆಳ್ಳಿ ಬಣ್ಣದ ಚಪ್ಪಟೆ ಹುಳ, ಕಾಗದದಲ್ಲಿರೋ ಗಂಜಿ ಅಂಶಕ್ಕೆ ಬರತ್ತೆ. ನುಸಿ ಗುಳಿಗೆ ಬೂಷ್ಟಿಗೆ ಏನೂ ಮಾಡಲ್ಲ, ಅದರ ಹೊಗೆ ಮನುಷ್ಯರಿಗೂ ಕೆಟ್ಟದ್ದು, ತೆಗೆದುಹಾಕಿ. ಹಸಿ ಬೇವಿನ ಸೊಪ್ಪು ಹಾಕಿದ್ರೆ ನೀವೇ ತೇವ ತಂದಿಟ್ಟ ಹಾಗೆ. ಹುಳ ಇನ್ನೂ ಓಡಾಡ್ತಿದ್ರೆ ಕಟ್ಟು ಇಲ್ಲದ ಹಾಳೆಗಳನ್ನ ಎರಡು ರಟ್ಟಿನ ಮಧ್ಯೆ ಇಟ್ಟು ಪ್ಲಾಸ್ಟಿಕ್ ಕವರಲ್ಲಿ ಗಾಳಿ ಹಿಂಡಿ ಸೀಲ್ ಮಾಡಿ ಡೀಪ್ ಫ್ರೀಜರಲ್ಲಿ ಒಂದೆರಡು ವಾರ ಇಡೋ ದಾರಿ ಇದೆ, ಹುಳ ಮೊಟ್ಟೆ ಎರಡೂ ಸಾಯ್ತವೆ. ರಿಸ್ಕ್ ಇರೋದು ಹೊರಗೆ ತೆಗೆದಾಗ, ತಕ್ಷಣ ಕವರ್ ಬಿಚ್ಚಿದ್ರೆ ತಣ್ಣನೆ ಕಾಗದದ ಮೇಲೆ ನೀರು ಹನಿಗಟ್ಟತ್ತೆ, ವಾಟರ್ ಕಲರ್ ಕಥೆ ಮುಗೀತು, ಒಂದು ದಿನ ಹಾಗೇ ಬಿಟ್ಟು ಆಮೇಲೆ ಬಿಚ್ಚಬೇಕು. ಬೂಷ್ಟು ಮಾತ್ರ ಫ್ರೀಜರಲ್ಲಿ ಸಾಯಲ್ಲ, ಮಲಗತ್ತೆ ಅಷ್ಟೆ. ಸಿಪ್ಪೆ ಏಳ್ತಿರೋ ಚಿತ್ರಕ್ಕೆ ಇದನ್ನ ಮಾಡ್ಬೇಡಿ.

ಇಡೋದಕ್ಕೆ ಆಸಿಡ್ ಫ್ರೀ ಟಿಶ್ಯೂ, ಆಸಿಡ್ ಫ್ರೀ ಬಾಕ್ಸ್ ಆನ್‌ಲೈನಲ್ಲಿ ಸಿಗತ್ತೆ. ಆಗಲಿಲ್ಲ ಅಂದ್ರೆ ಗಂಜಿ ಹಾಕದ, ಹತ್ತಾರು ಸಲ ಒಗೆದ ಬಿಳಿ ಪಂಚೆ ಇದೆಯಲ್ಲ, ಅದನ್ನ ಹಾಳೆ ಹಾಳೆ ಮಧ್ಯೆ ಹಾಕಿ ಅದರಲ್ಲೇ ಸುತ್ತಿ, ಅದು ಗಾಳಿ ಆಡಿಸತ್ತೆ, ತೇವವನ್ನೂ ಸ್ವಲ್ಪ ಹೀರತ್ತೆ. ಆಫೀಸ್ ಫೈಲಿನ ಪಳಪಳ ಪ್ಲಾಸ್ಟಿಕ್ ಕವರ್ ಬೇಡ. ಸಿಲಿಕಾ ಜೆಲ್ ಹಾಕೋರು ಬಿಗಿಯಾಗಿ ಮುಚ್ಚೋ ಡಬ್ಬಿ ಇದ್ರೆ ಮಾತ್ರ ಹಾಕಿ, ಬಣ್ಣ ಬದಲಾದಾಗ ತೆಗೆದು ಬಿಸಿ ಮಾಡಿ ಒಣಗಿಸಬೇಕು, ಸಂದಿ ಇರೋ ಟ್ರಂಕಲ್ಲಿ ಹಾಕಿದ್ರೆ ಇಡೀ ಮಲೆನಾಡಿನ ಮಳೆ ಅದು ಹೀರೋಕಾಗಲ್ಲ. ಪ್ರತಿ ಎರಡು ಮೂರು ತಿಂಗಳಿಗೆ ಒಮ್ಮೆ ತೆಗೆದು ನೋಡೋದು ಎಲ್ಲಕ್ಕಿಂತ ಮುಖ್ಯ.

ಒಂದು ಹಾಳೆಯಲ್ಲಿ ನೀಲಕಂಠದ ಚಿತ್ರದ ಪಕ್ಕ ನಿಜವಾದ ಗರಿ ಟೇಪಲ್ಲಿ ಅಂಟಿಸಿರೋ ಹಾಗೆ ಕಾಣ್ತಿದೆ. ಟೇಪ್ ಕೀಳ್ಬೇಡಿ, ಫೋಟೋ ತೆಗೆದು ಆ ಹಾಳೆಯನ್ನ ಬೇರೆ ಇಡಿ, ಗರಿಗೆ ಬರೋ ಹುಳ ಬೇರೆ ಜಾತಿಯದು. ಕಾಡು ಹಕ್ಕಿ, ಪ್ರಾಣಿ ಚಿತ್ರ ಮಾರೋಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು ಅಂತ ಕೆಲವ್ರು ಹೆದರಿಸ್ತಾರೆ, ಚಿತ್ರಕ್ಕೆ ಅಂಥದ್ದೇನಿಲ್ಲ, ಆದ್ರೆ ರಕ್ಷಿತ ಹಕ್ಕಿಯ ಗರಿ ಮಾರೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು, ಹಾಗಾಗಿ ಆ ಹಾಳೆ ಮಾರಾಟದ ಮಾತೇ ಬೇಡ.

ಗಾಜಿಗೆ ಅಂಟಿರೋ ಟ್ರೋಗನ್ ಇದ್ಯಲ್ಲ, ಅದನ್ನ ಎಳೀಬೇಡಿ, ಹಬೆ ಹಿಡೀಬೇಡಿ, ಬ್ಲೇಡ್ ತೂರಿಸ್ಬೇಡಿ. ಗಾಜು ಚಿತ್ರಕ್ಕೆ ತಾಗಿಕೊಂಡೇ ಇದ್ದಿದ್ರಿಂದ ಒಳಗೆ ನೀರು ಹನಿಗಟ್ಟಿ ಗೋಂದು ಕರಗಿ ಅಂಟಿದೆ. ಗಾಜು ಕೆಳಗೆ ಬರೋ ಹಾಗೆ ಮಲಗಿಸಿ ಇಡಿ, ಇದು ಕನ್ಸರ್ವೇಟರ್ ಕೈಗೆ ಹೋಗಬೇಕಾದ್ದು, ಅವರೂ ಪೂರ್ತಿ ಬಿಡಿಸಿಕೊಡ್ತೀನಿ ಅಂತ ಗ್ಯಾರಂಟಿ ಕೊಡಲ್ಲ, ಕೆಲವು ಸಲ ಗಾಜಿನ ಸಮೇತ ಬಿಟ್ಟು ಹಿಂದಿನ ರಟ್ಟು ಮಾತ್ರ ಬದಲಾಯಿಸೋದೇ ಜಾಣತನ. ಬೆಂಗಳೂರಲ್ಲಿ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸೋ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ, ಮೈಸೂರಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ, ಎರಡೂ ಕಡೆ ಫೋಟೋ ಕಳಿಸಿ ಸಲಹೆ ಕೇಳಿ.

ಖರ್ಚು ಚಿತ್ರ ನೋಡದೆ ಹೇಳೋಕೆ ಬರಲ್ಲ, ಹಾನಿ ನೋಡಿ ಒಂದೊಂದಕ್ಕೆ ಒಂದೊಂದು ರೇಟು. ಎಂಬತ್ತಕ್ಕೂ ಮಾಡಿಸೋದು ಅಗತ್ಯವೂ ಇಲ್ಲ. ಮನೆಯವ್ರೆಲ್ಲ ಕೂತು ಏಳೆಂಟು ಆರಿಸಿ, ನನ್ನ ಕೇಳಿದ್ರೆ ಟಿಪ್ಪಣಿ ಇರೋದು ಮೊದಲು, ಚೆಂದ ಇರೋದು ಆಮೇಲೆ. ಎಸ್ಟಿಮೇಟ್ ಬರವಣಿಗೆಯಲ್ಲಿ ತಗೊಳ್ಳಿ, ಕೆಲಸಕ್ಕೆ ಮುಂಚೆ ಮತ್ತೆ ನಂತರದ ಫೋಟೋ ಕೊಡ್ತೀರಾ, ಯಾವ ಅಂಟು ಬಳಸ್ತೀರಾ, ಮುಂದೆ ಬೇಕಾದ್ರೆ ತೆಗೆಯೋಕೆ ಬರತ್ತಾ ಅಂತ ಕೇಳಿ. ಗೋಧಿ ಗಂಜಿಯ ಅಂಟು, ಜಪಾನೀ ಟಿಶ್ಯೂ (ತೆಳ್ಳಗಿದ್ರೂ ಗಟ್ಟಿ ನಾರಿನ ಕಾಗದ) ಅಂತ ಉತ್ತರ ಬಂದ್ರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಫೆವಿಕಾಲ್ ಅಂದ್ರೆ ನಮಸ್ಕಾರ ಹೇಳಿ ಎದ್ದುಬನ್ನಿ.

ಜಗುಲಿ ಖಾಲಿ ಬಿಡ್ಬೇಕಾಗಿಲ್ಲ, ಇಲ್ಲಿ ಅಣ್ಣನ ಮಗನ ಕೆಲಸ ಬರತ್ತೆ. ಎಲ್ಲ ಚಿತ್ರವನ್ನೂ ನೆರಳಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಮೇಲಿಟ್ಟು ಪಕ್ಕದಲ್ಲಿ ಬಣ್ಣ ಹೋಲಿಸೋಕೆ ಒಂದು ಕಲರ್ ಚಾರ್ಟ್ ಇಟ್ಟು ಅಂಚು, ಹಿಂಬದಿ ಸಮೇತ ಫೋಟೋ ತೆಗೀಲಿ. ಗಟ್ಟಿ ಇರೋ ವಾಟರ್ ಕಲರನ್ನ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಬಹುದು, ಒಂದು ಸಲದ ಆ ಬೆಳಕಿನಿಂದ ಹೇಳಿಕೊಳ್ಳೋ ಹಾನಿ ಇಲ್ಲ, ಸಿಪ್ಪೆ ಏಳೋದನ್ನ ಮಾತ್ರ ಸ್ಕ್ಯಾನರ್ ಮೇಲೆ ಬೋರಲು ಹಾಕ್ಬಾರದು. ಆ ಫೈಲಲ್ಲಿ ಅವನು ಎಷ್ಟು ಬೇಕಾದ್ರೂ ಬಣ್ಣ ತಿದ್ದಲಿ, ಕುಟುರಕ್ಕೆ ಆ ಅಂಚಿನ ಹಸಿರು ಇದೆ, ಟ್ರೋಗನ್ನಿಗೆ ಕಾಡಿನ ಹಕ್ಕಿಯೇ ಇದೆ. ಪಿಗ್ಮೆಂಟ್ ಇಂಕಲ್ಲಿ (ಡೈ ಬದಲು ಬಣ್ಣದ ಪುಡಿಯಿಂದ ಮಾಡಿದ ಇಂಕು) ಪ್ರಿಂಟ್ ಹಾಕ್ಸಿ ಅದಕ್ಕೆ ಕಟ್ಟು ಹಾಕ್ಸಿ, ಗಾಜು ಮತ್ತೆ ಕಾಗದದ ಮಧ್ಯೆ ಮೌಂಟ್ ಇಟ್ಟು ಅಂತರ ಬಿಡಿಸಿ. ಮಾಸಿದ್ರೆ ಇನ್ನೊಂದು ಪ್ರಿಂಟ್ ತೆಗೆಸಿದ್ರಾಯ್ತು.

ಕ್ಯಾಲೆಂಡರ್ ಖಂಡಿತ ಮಾಡಿಸಬಹುದು. ನಮ್ಮ ಕಾಯ್ದೆ ಪ್ರಕಾರ ಕಲಾವಿದ ಹೋದ ಮೇಲೂ 60 ವರ್ಷ ಕಾಪಿರೈಟ್ ಇರತ್ತೆ, ಬೇರೆ ಉಯಿಲು ಇಲ್ಲದಿದ್ರೆ ಅದು ವಾರಸುದಾರರಿಗೆಲ್ಲ ಸೇರಿದ್ದು, ಅಮ್ಮ, ಅಣ್ಣ, ನೀವು ಎಲ್ಲ ಒಪ್ಪಿ ಒಂದು ಕಾಗದ ಬರೆದಿಟ್ಕೊಳ್ಳಿ. ಒಂದು ಎಚ್ಚರಿಕೆ, ಆ ಕಾಲದಲ್ಲಿ ಹಕ್ಕಿ ಬರೆಯೋರು ಕೈ ಕುದುರಿಸೋಕೆ ಫೀಲ್ಡ್ ಗೈಡಿನ, ಅಂದ್ರೆ ಹಕ್ಕಿ ಗುರುತಿಸೋ ಪುಸ್ತಕದ ಚಿತ್ರ ನೋಡಿ ನಕಲು ಮಾಡ್ತಿದ್ದಿದ್ದು ಬಹಳ ಸಾಮಾನ್ಯ, ಅದರಲ್ಲಿ ಅವಮಾನ ಏನಿಲ್ಲ, ಆದ್ರೆ ಅಂಥದ್ದು ಕ್ಯಾಲೆಂಡರಿಗೆ ಹೋಗ್ಬಾರದು. ಅಂಚಲ್ಲಿ ತಾರೀಖು, ಜಾಗ ಇಲ್ಲದೆ, ಹಕ್ಕಿ ಪಕ್ಕಕ್ಕೆ ತಿರುಗಿ ಒಂದು ಬೋಳು ಕೊಂಬೆ ಮೇಲೆ ನೆಟ್ಟಗೆ ಕೂತಿದ್ರೆ ಸ್ವಲ್ಪ ಅನುಮಾನದಿಂದ ನೋಡಿ, ಹಳೇ ಪುಸ್ತಕದ ಜೊತೆ ಹೋಲಿಸಿ. ನೋಡಿ ಬರೆದಿದ್ದು ಅಂತ ಖಾತ್ರಿ ಇರೋದನ್ನ ಹಾಕಿ, ಅಪ್ಪಯ್ಯನ ಟಿಪ್ಪಣಿಯನ್ನೂ ಅದೇ ಅಕ್ಷರದಲ್ಲಿ ಕೆಳಗೆ ಬರೋ ಹಾಗೆ ಮಾಡ್ಸಿ, ಬಣ್ಣ ಕಂಪ್ಯೂಟರಲ್ಲಿ ತಿದ್ದಿದೆ ಅಂತ ಮೊಮ್ಮಗನ ಹೆಸರು ಹಾಕಿ ಒಂದು ಸಾಲು ಕೊನೇ ಪುಟದಲ್ಲಿ ಇರ್ಲಿ.